ಹಿರಿಯ ಗುಂಡಿಗೆ ಮೊದಲ ದೀಪ

ಜೋಡಿಗುಂಡಹಳ್ಳಿಯ ಚಲಪತಿಗೆ ಬಾಯಿ ಮುಂದು, ಬುದ್ಧಿ ಹಿಂದು. ಇದು ನಾನು ಹೇಳುವ ಮಾತಲ್ಲ. ಅವನ ಹೆತ್ತ ತಾಯಿ ಮುನಿಗಂಗಮ್ಮ ಹಾಲಿನ ಡೇರಿಯ ಕಟ್ಟೆಯ ಮೇಲೆ ಕೂತು ಊರಿಗೆಲ್ಲ ಹೇಳುವ ಮಾತು. ಆ ಡೇರಿಗೆ ಚಲಪತಿಯೇ ಕಾರ್ಯದರ್ಶಿ. ಬೆಳಗ್ಗೆ ಸಂಜೆ ಊರವರ ಹಾಲಿನ ಫ್ಯಾಟು ನೋಡುತ್ತ, "ಏನಮ್ಮ, ಇವತ್ತು ನಿಮ್ಮ ಹಸು ಬೋರ್‌ವೆಲ್ಲಿಗೆ ಬಾಯಿ ಹಾಕಿತ್ತಾ" ಎಂದು ಕೆಣಕದೆ ಒಂದು ಕ್ಯಾನನ್ನೂ ಬಿಟ್ಟವನಲ್ಲ. ನಾಲಿಗೆ ಉದ್ದವಾದರೂ ಕೈ ಶುದ್ಧ. ಯಾರ ಹಾಲಿಗೆ ಎಷ್ಟು ಬಂತೋ ಅಷ್ಟೇ ಬರೆಯುತ್ತಿದ್ದ, ತನ್ನ ಮನೆಯ ಹಾಲಿಗೂ ಅಷ್ಟೇ. ಅವನಿಗಿದ್ದ ಸಂಕಟ ಒಂದೇ ಒಂದು, ಅದು ಬೆಂಕಿಯದು.

ಊರು ಇರುವುದು ಸಾಸಲಿನಿಂದ ಮಾಕಳಿದುರ್ಗದ ಕಡೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಗೆ. ಊರ ಹಿಂದೆ ಎರಡು ಗುಂಡು. ದೊಡ್ಡಗುಂಡು ನಸುಗೆಂಪು ಬಣ್ಣದ್ದು, ಮನೆಯ ಮೇಲೆ ಮನೆ ಇಟ್ಟಷ್ಟು ಎತ್ತರ. ಅದರ ಬುಡಕ್ಕೆ ಅಂಟಿಕೊಂಡು, ಮಲಗಿದ ಎಮ್ಮೆಯ ಗಾತ್ರದಲ್ಲಿ, ಮೈತುಂಬ ಕಪ್ಪುಬಿಳಿ ಗೆರೆಗಳ ಚಿಕ್ಕಗುಂಡು. ಊರಿಗೆ ಅವು ಅಣ್ಣತಮ್ಮ. ದೊಡ್ಡದು ಅಣ್ಣ, ಚಿಕ್ಕದು ತಮ್ಮ. ಹಾಗಂತ ಹೇಳಿದವರು ಯಾರು ಎಂದು ಕೇಳಬೇಡಿ, ಕಣ್ಣಿಗೆ ಕಾಣುವುದಕ್ಕೆ ಯಾರು ಹೇಳಬೇಕು. ಊರಲ್ಲಿ ಒಂದೇ ವಂಶದ ಎರಡು ಕವಲು, ದೊಡ್ಡಮನೆ ಮತ್ತು ಚಿಕ್ಕಮನೆ. ಅಣ್ಣ ದೊಡ್ಡಮನೆಯವರ ಪಾಲಿಗೆ, ತಮ್ಮ ಚಿಕ್ಕಮನೆಯವರ ಪಾಲಿಗೆ. ಕಾರ್ತಿಕದ ಕಡೇ ಸೋಮವಾರ ಹೊತ್ತು ಮುಳುಗುವಾಗ ಎರಡರ ಮೇಲೂ ದೀಪ ಇಡುತ್ತಾರೆ. ಅಣ್ಣನ ದೀಪಕ್ಕೆ ದೊಡ್ಡಮನೆಯ ಹಿರಿಯ ಕಡ್ಡಿ ಗೀರುತ್ತಾನೆ. ತಮ್ಮನ ದೀಪಕ್ಕೆ ಕಡ್ಡಿ ಗೀರುವಂತಿಲ್ಲ. ಚಿಕ್ಕಮನೆಯವನು ಹೊತ್ತಿಸದ ಪಂಜು ಹಿಡಿದು ಬುಡದಲ್ಲಿ ಕಾದು ನಿಂತು, ದೊಡ್ಡಮನೆಯವರು ಕೊಟ್ಟಾಗ ಬೆಂಕಿ ಅಂಟಿಸಿಕೊಂಡು ಹೋಗಬೇಕು.

ಜೇಬಿನಲ್ಲಿ ಬೆಂಕಿಪೊಟ್ಟಣ ಇಟ್ಟುಕೊಂಡು ಇನ್ನೊಬ್ಬರ ಮುಂದೆ ಬೆಂಕಿಗೆ ಕಾಯುವುದೆಂದರೆ ಚಲಪತಿಗೆ ಪಂಜಿಗಿಂತ ಮೊದಲು ಮೈ ಹೊತ್ತಿಕೊಳ್ಳುತ್ತಿತ್ತು. ಅವನಪ್ಪನೂ ಹಾಗೇ ಕಾದಿದ್ದ, ತಾತನೂ ಕಾದಿದ್ದ.

ಹೋದ ವರ್ಷ ಗಾಳಿ ಜೋರಿತ್ತು. ದೊಡ್ಡಗುಂಡಿನ ಮೇಲೆ ದೀಪ ಹತ್ತುವುದು, ಆರುವುದು. ದೊಡ್ಡಮನೆಯ ಹಿರಿಯ ವೆಂಕಟರಾಮಪ್ಪನವರು ಚಲಪತಿಗೆ ವರಸೆಯಲ್ಲಿ ದೊಡ್ಡಪ್ಪ. ಮಾತು ಕಮ್ಮಿ, ಗತ್ತು ಜಾಸ್ತಿ. ಚಲಪತಿ ಪಂಜು ಚಾಚಿದಾಗಲೆಲ್ಲ ಅವರು ತಿರುಗಿಯೂ ನೋಡದೆ, "ಅಣ್ಣನ ದೀಪ ನಿಲ್ಲಲಿ, ಆಮೇಲೆ ನಿಂದು" ಎಂದರು. ಮತ್ತೆ ಚಾಚಿದರೆ ಮತ್ತೆ ಅದೇ ಮಾತು. ಹೊತ್ತು ಮುಳುಗಿಹೋಯಿತು. ನೆರೆದಿದ್ದ ಹೆಂಗಸರು ಕಿಸಕ್ಕೆಂದರು. ಅಲ್ಲಿಗೆ ಚಲಪತಿಯ ಬಾಯಿ ಹಗ್ಗ ಕಿತ್ತುಕೊಂಡಿತು.

"ಅಣ್ಣ ಅಣ್ಣ ಅಂತೀರಲ್ಲ ದೊಡ್ಡಪ್ಪ, ಜನ್ಮಪತ್ರ ಇಟ್ಟಿದ್ದೀರಾ? ದಪ್ಪಗಿರೋರೆಲ್ಲ ಹಿರಿಯರಾಗಿದ್ರೆ ನಮ್ಮ ಮನೆ ಎಮ್ಮೆ ಕಾಲಿಗೆ ನಾನು ಬೀಳ್ಬೇಕಾಗಿತ್ತು. ನನ್ನ ಮಗಳು ಬೆಂಗಳೂರಲ್ಲಿ ಕಲ್ಲಿನ ವಯಸ್ಸು ಅಳೆಯೋ ಓದು ಓದ್ತಾವ್ಳೆ. ಅಳೆಸಿಬಿಡ್ತೀನಿ. ಹಿರಿಯದು ಯಾವ್ದೋ ಅದಕ್ಕೆ ಮೊದಲ ದೀಪ."

ವೆಂಕಟರಾಮಪ್ಪ ಆಗ ತಿರುಗಿದರು. "ಆಗ್ಲಿ. ಚಿಕ್ಕದು ಹಿರಿಯದು ಅಂತಾದ್ರೆ ಮೊದಲ ದೀಪ ನಿಂದು, ನಾನೇ ಬುಡದಲ್ಲಿ ನಿಂತ್ಕೊಂತೀನಿ. ದೊಡ್ಡದೇ ಹಿರಿಯದು ಅಂತಾದ್ರೆ?"

"ಆದ್ರೆ ಈ ಪಂಜು ಇನ್ನು ನಾನು ಮುಟ್ಟಲ್ಲ. ಎರಡು ದೀಪಾನೂ ನೀವೇ ಹಚ್ಕೊಳಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಚಿಕ್ಕಮನೆಗೆ ಅಜ್ಜಮುತ್ತಜ್ಜರ ಕಾಲದಿಂದ ಉಳಿದಿದ್ದ ಎರಡನೇ ದೀಪವನ್ನೂ ಚಲಪತಿ ಒಂದೇ ಉಸಿರಿನಲ್ಲಿ ಪಣಕ್ಕಿಟ್ಟುಬಿಟ್ಟಿದ್ದ. ಮನೆಗೆ ಬಂದಮೇಲೆ ಮುನಿಗಂಗಮ್ಮ ಮಗನಿಗೆ ಮುದ್ದೆ ಬಡಿಸುತ್ತ, "ಕೂಸು ಹುಟ್ಟೋಕ್ಮುಂಚೆ ಕುಲಾವಿ ಹೊಲಿಸ್ದೆ ಕಣಪ್ಪ" ಎಂದಳು.

ಮಗಳು ಪ್ರಿಯಾಂಕ ಸುದ್ದಿ ಕೇಳಿ ಫೋನಿನಲ್ಲೇ ಹಣೆ ಚಚ್ಚಿಕೊಂಡಳು. ಆದರೂ ಸಂಕ್ರಾಂತಿಗೆ ಬಂದಾಗ ಸುತ್ತಿಗೆ, ಚೀಲ ಎಲ್ಲ ತಂದಿದ್ದಳು. ಅವಳ ಸಂಶೋಧನೆ ದೊಡ್ಡಬಳ್ಳಾಪುರದ ಸುತ್ತಿನ ಬಂಡೆಗಳ ಮೇಲೇ ಇತ್ತು. ಜೋಡಿಗುಂಡಿನ ಮೇಲೆ ಅವಳಿಗೆ ಮೊದಲಿನಿಂದ ಕಣ್ಣಿತ್ತು, ಮನೆಯವರ ಜಗಳಕ್ಕೆ ಹೆದರಿ ಸುಮ್ಮನಿದ್ದಳು ಅಷ್ಟೆ.

"ನೋಡಿದ್ರೆ ಚಿಕ್ಕದೇ ಹಳೇದು ಅನ್ಸುತ್ತೆ ಅಪ್ಪ. ಆದ್ರೆ ಅನ್ಸೋದು ಬೇರೆ, ಅಳೆಯೋದು ಬೇರೆ" ಎಂದಳು. ಚಲಪತಿಗೆ ಮೊದಲರ್ಧ ಮಾತ್ರ ಕೇಳಿಸಿತು.

ಎರಡು ಗುಂಡಿಗೂ ಕಾಯಿ ಒಡೆದು, ಕ್ಷಮಿಸು ತಂದೆ ಎಂದು ಕೈಮುಗಿದು, ಯಾರ ಕಣ್ಣಿಗೂ ಬೀಳದ ಮೂಲೆಯಿಂದ ಕಲ್ಲು ಒಡೆದರು. ಪ್ರಿಯಾಂಕ ಅಂಗಳದಲ್ಲಿ ಕೂತು ಮೇಲಿನ ಪಾಚಿ, ಮಣ್ಣಿನ ಸಿಪ್ಪೆಯನ್ನೆಲ್ಲ ಕೆತ್ತಿ ತೆಗೆದು, ಒಳಗಿನ ಗಟ್ಟಿ ಚೂರುಗಳನ್ನು ಮಾತ್ರ ಎರಡು ಹೊಸ ಚೀಲಕ್ಕೆ ಬೇರೆ ಬೇರೆ ತುಂಬಿ ಹೆಸರು ಬರೆದಳು. ಮುನಿಗಂಗಮ್ಮ ಅವುಗಳಿಗೆ ಕುಂಕುಮ ಇಟ್ಟು ದೇವರ ಗೂಡಿನ ಕೆಳಗೆ ಇರಿಸಿದಳು. ದೇವರ ಮೈ ಅದು, ಚಪ್ಪಲಿ ಬಿಡುವ ಜಾಗದಲ್ಲಿ ಇಡಲಾಗುತ್ತದೆಯೇ.

"ಇನ್ನು ಇದರ ವಯಸ್ಸು ಎಂಗೆ ಗೊತ್ತಾಗುತ್ತೆ? ಹಲ್ಲು ನೋಡಿ ಹಸು ವಯಸ್ಸು ಹೇಳ್ದಂಗಾ?" ಚಲಪತಿ ಕೇಳಿದ.

"ಕಲ್ಲು ಮೊದಲು ಕರಗಿದ ಪಾಕ ಆಗಿತ್ತು ಅಪ್ಪ. ಅದು ಆರಿ ಗಟ್ಟಿಯಾಗೋವಾಗ ಒಳಗಡೆ ಜಿರ್ಕಾನ್ ಅಂತ ಸಣ್ಣ ಸಣ್ಣ ಹರಳು ಹುಟ್ತವೆ. ಸಾಸಿವೆಗಿಂತ ಎಷ್ಟೋ ಸಣ್ಣವು. ಹುಟ್ಟೋವಾಗ ಅವು ಯುರೇನಿಯಂನ ಒಳಕ್ಕೆ ಬಿಟ್ಕೊಳ್ತವೆ, ಸೀಸನ ಹತ್ರಕ್ಕೂ ಸೇರಿಸಲ್ಲ. ಆಮೇಲೆ ಆ ಯುರೇನಿಯಂ ತನ್ನಷ್ಟಕ್ಕೆ ತಾನೇ ನಿಧಾನಕ್ಕೆ ಸೀಸ ಆಗ್ತಾ ಹೋಗುತ್ತೆ. ಹಾಲು ಮೊಸರಾದಂಗೆ ಅಂದ್ಕೋ. ಎಷ್ಟು ಹಾಲು ಉಳಿದಿದೆ, ಎಷ್ಟು ಮೊಸರಾಗಿದೆ ಅಂತ ಅಳೆದ್ರೆ ಹೆಪ್ಪು ಹಾಕಿದ್ದು ಯಾವಾಗ ಅಂತ ಹೇಳಬಹುದಲ್ವಾ?"

ಹಾಲಿನ ವಿಷಯಕ್ಕೆ ಬಂದರೆ ಚಲಪತಿ ಯಾರಿಗೂ ಬಗ್ಗುವವನಲ್ಲ. "ಬೇಸಿಗೇಲಿ ಬೇಗ ಹೆಪ್ಪಾಗುತ್ತೆ, ಮಾಗಿ ಚಳೀಲಿ ಆಗೋದೇ ಇಲ್ಲ. ಅದಕ್ಕೇನು ಲೆಕ್ಕ?"

"ಅದೇ ಇದರ ಸೊಗಸು. ಇದಕ್ಕೆ ಬಿಸಿಲು, ಚಳಿ, ಮಳೆ ಏನೂ ತಾಗಲ್ಲ. ಅವತ್ತಿಂದ ಇವತ್ತಿನವರೆಗೂ ಒಂದೇ ನಡಿಗೆ. ಇದ್ದಿದ್ದರಲ್ಲಿ ಅರ್ಧ ಸೀಸ ಆಗೋಕೆ ಹತ್ತಿರ ಹತ್ತಿರ ನಾನೂರ ಐವತ್ತು ಕೋಟಿ ವರ್ಷ ಬೇಕು."

ಕೋಟಿ ಎಂದಾಕ್ಷಣ ಚಲಪತಿಯ ಕಣ್ಣು ಅರಳಿತು. ಮಾರನೆಯ ದಿನ ಡೇರಿಗೆ ಬಂದವರಿಗೆಲ್ಲ ಕಲ್ಲಿನೊಳಗೆ ಮೊಸರಿದೆ ಎಂದು ಪಾಠ ಮಾಡಿದ. ಅರ್ಧ ಊರು ಅವನಿಗೆ ತಲೆ ಕೆಟ್ಟಿದೆ ಎಂದಿತು, ಇನ್ನರ್ಧ ಊರು ಕಾದು ನೋಡೋಣ ಎಂದಿತು.

ಕಲ್ಲು ಅರೆದು, ಜರಡಿ ಹಿಡಿದು, ತೊಳೆದು, ಆ ಪುಡಿಯಲ್ಲಿ ಹರಳು ಹುಡುಕಿ, ಸೂಕ್ಷ್ಮದರ್ಶಕದ ಕೆಳಗೆ ಒಂದೊಂದಾಗಿ ಆರಿಸುವುದೆಂದರೆ ತಿಂಗಳುಗಟ್ಟಲೆ ಕೆಲಸ. ಯಂತ್ರಕ್ಕೆ ಸರದಿ ಬೇರೆ. ಯುಗಾದಿ ಹೋಯಿತು, ರಾಗಿ ಬಿತ್ತನೆ ಮುಗಿಯಿತು, ಗೌರಿ ಹಬ್ಬದ ಹೊತ್ತಿಗೆ ಪ್ರಿಯಾಂಕಳ ಫೋನು ಬಂತು. ಮಾತು ಓಡುತ್ತಿತ್ತು.

"ಅಪ್ಪ, ಎರಡು ಚೀಲದಲ್ಲೂ ಎರಡೆರಡು ವಯಸ್ಸು ಬಂದಿದೆ. ಒಂದಷ್ಟು ಹರಳು ಮುನ್ನೂರ ಇಪ್ಪತ್ತು ಕೋಟಿ ವರ್ಷದ್ದು, ಒಂದಷ್ಟು ಇನ್ನೂರ ಐವತ್ತು ಕೋಟಿ ವರ್ಷದ್ದು. ದೊಡ್ಡಗುಂಡಲ್ಲಿ ಹಳೇ ಹರಳು ಸಿಕ್ಕಿರೋದು ಎಷ್ಟು ದೊಡ್ಡ ವಿಷಯ ಗೊತ್ತಾ?"

"ಹಂಗಾದ್ರೆ ಹಿರಿಯದು ಯಾವ್ದು?"

"ಅದೇ ಅಪ್ಪ, ಅದೊಂದೇ ಗೊತ್ತಾಗ್ತಿಲ್ಲ."

ಚಲಪತಿ ಫೋನು ಹಿಡಿದುಕೊಂಡೇ ಕೂತ. ಅಣ್ಣನೂ ಅಷ್ಟೇ ತಮ್ಮನೂ ಅಷ್ಟೇ ಎಂದರೆ ಇವರೇನು ಅವಳಿಜವಳಿಯೇ?

ಆ ವಾರದ ಕೊನೆಗೆ ಪ್ರಿಯಾಂಕ ಊರಿಗೆ ಬಂದಾಗ ಮುಖದಲ್ಲಿ ಆ ಸಡಗರ ಇರಲಿಲ್ಲ. ಅವಳಿಗೆ ಮಾರ್ಗದರ್ಶಿ ಜ್ಯೋತಿಲಕ್ಷ್ಮಿ ಮೇಡಂ. ಅವರು ಎಲ್ಲ ನೋಡಿ ಒಂದೇ ಪ್ರಶ್ನೆ ಕೇಳಿದ್ದರಂತೆ. ಹಳೆಯ ಹರಳೊಂದು ಹೊಸ ಬಂಡೆಯೊಳಗೆ ಸಿಕ್ಕಿಕೊಳ್ಳುವುದುಂಟು, ಆದರೆ ಆಗ ಅದರ ಸುತ್ತ ಹೊಸ ಪದರ ಬೆಳೆದಿರುತ್ತದೆ. ಇವುಗಳ ಸುತ್ತ ಏನೂ ಬೆಳೆದಿಲ್ಲ. ಅದರದು ಇದರಲ್ಲಿ, ಇದರದು ಅದರಲ್ಲಿ, ಯಾರೋ ಕೈಯಾರೆ ಕಲಸಿದ ಹಾಗಿದೆ. ಚೀಲಗಳು ಎಲ್ಲಿದ್ದವು?

"ಅಜ್ಜಿ" ಎಂದಳು ಪ್ರಿಯಾಂಕ ಒಳಗೆ ಬಂದವಳೇ. "ಅವತ್ತು ಚೀಲ ಬಿಚ್ಚಿದ್ದೆಯಾ?"

ಮುನಿಗಂಗಮ್ಮ ಕಡಲೆಕಾಯಿ ಸುಲಿಯುತ್ತಿದ್ದಳು. ಮುಚ್ಚಿಡುವ ಯೋಚನೆಯೇ ಅವಳಿಗೆ ಬರಲಿಲ್ಲ. "ಬಿಚ್ದೆ ಕಣವ್ವ. ಅಣ್ಣತಮ್ಮಂದಿರನ್ನ ಬೇರೆ ಬೇರೆ ಗಂಟು ಕಟ್ಟಿ ಊರು ದಾಟಿಸ್ತಾರಾ? ಅಣ್ಣಂದು ಒಂದು ಹಿಡಿ ತಮ್ಮನ ಚೀಲಕ್ಕೆ, ತಮ್ಮಂದು ಒಂದು ಹಿಡಿ ಅಣ್ಣನ ಚೀಲಕ್ಕೆ ಹಾಕ್ದೆ. ನಮ್ಮಲ್ಲಿ ಪಾಲಾಗೋವಾಗ ಮಾಡ್ತಾರಲ್ಲ, ಅಂಗೆ."

ಈ ವಂಶದಲ್ಲಿ ಅಣ್ಣತಮ್ಮಂದಿರು ಬೇರೆಯಾದರೆ ಮೊದಲ ದಿನವೇ ಹಿಡಿ ಬದಲಾಯಿಸಬೇಕು. ಅವನ ರಾಗಿಯಿಂದ ಇವನ ರಾಗಿಗೆ ಒಂದು ಹಿಡಿ, ಇವನದರಿಂದ ಅವನದಕ್ಕೆ ಒಂದು ಹಿಡಿ. ಒಲೆ ಎರಡಾದರೂ ಅನ್ನ ಒಂದೇ ಎಂದು ಅದರ ಅರ್ಥ. ದೊಡ್ಡಮನೆ ಚಿಕ್ಕಮನೆ ಒಡೆದಾಗಲೂ ಹಾಗೇ ಆಗಿತ್ತು ಎನ್ನುತ್ತಾರೆ. ಮುನಿಗಂಗಮ್ಮ ಅದನ್ನೇ ಕಲ್ಲಿಗೂ ಮಾಡಿದ್ದಳು. ತಪ್ಪೆಂದು ಅವಳಿಗೆ ಯಾರು ಹೇಳಿದ್ದರು?

ಪ್ರಿಯಾಂಕ ನೆಲದ ಮೇಲೆ ಕುಸಿದು ಕೂತಳು. ಅಳುತ್ತಾಳೆ ಎಂದುಕೊಂಡರೆ ನಗಲಿಕ್ಕೆ ಶುರುಮಾಡಿದಳು. "ನಂದೂ ತಪ್ಪಿದೆ. ಲ್ಯಾಬಲ್ಲಿ ಚೀಲ ಬಿಚ್ಚಿ ನೋಡದೆ ಹಾಗೇ ಅರೆಯೋಕೆ ಕೊಟ್ಟುಬಿಟ್ಟೆ. ಇಡೀ ಜಗತ್ತಿಗೆ ಹೇಳೋಕೆ ಹೊರಟಿದ್ದೆ ಅಜ್ಜಿ, ನಿನ್ನ ಕೈಚಳಕಾನ."

ಚಲಪತಿಗೆ ನಗು ಬರಲಿಲ್ಲ. ಕಾರ್ತಿಕ ಹತ್ತಿರ ಬರುತ್ತಿತ್ತು, ದೊಡ್ಡಮನೆಯ ಹುಡುಗರು ಡೇರಿಯಲ್ಲಿ "ಏನಣ್ಣ, ಮೊಸರು ಕಡೆದಾಯ್ತಾ" ಎಂದು ಕೇಳಲು ಶುರುಮಾಡಿದ್ದರು. ಅವನು ಮಗಳ ಹತ್ತಿರ ಸರಿದು ದನಿ ತಗ್ಗಿಸಿದ. "ಚಿಕ್ಕದೇ ಹಳೇದು ಅಂತ ನೀನೇ ಅಂದಿದ್ದೆಯಲ್ಲ. ಮುನ್ನೂರ ಇಪ್ಪತ್ತು ಕೋಟಿ ಅದರದ್ದೇ ಅಂತ ಹೇಳ್ಬಿಡು. ಯಾರಿಗೆ ಗೊತ್ತಾಗುತ್ತೆ?"

"ನಿನ್ನ ಡೇರೀಲಿ ಇಬ್ಬರ ಮನೆ ಹಾಲು ಬೆರೆತುಹೋದ್ರೆ ಗಟ್ಟಿ ಹಾಲು ಯಾರದ್ದು ಅಂತ ಬರೀತೀಯಾ ಅಪ್ಪ? ನಿನಗೆ ಬೇಕಾದವರ ಹೆಸರಿಗೆ?"

ಎಲ್ಲಿ ಹೊಡೆದರೆ ತಾಗುತ್ತದೋ ಅಲ್ಲೇ ಹೊಡೆದಿದ್ದಳು. ಚಲಪತಿ ಎದ್ದು ಹೆಗಲ ಮೇಲೆ ಟವೆಲ್ ಹಾಕಿಕೊಂಡು ನೆಟ್ಟಗೆ ದೊಡ್ಡಮನೆಗೆ ಹೋದ. ದೀಪದ ಜಗಳ ಶುರುವಾದಮೇಲೆ ಆ ಹೊಸ್ತಿಲು ತುಳಿದಿರಲಿಲ್ಲ. ನಡೆದದ್ದನ್ನೆಲ್ಲ ಹೇಳಿ, "ಲೆಕ್ಕ ಕೆಟ್ಟೋಯ್ತು ದೊಡ್ಡಪ್ಪ. ನಮ್ಮ ಕಡೆಯಿಂದಲೇ ಕೆಟ್ಟಿದ್ದು. ಇನ್ನೊಂದು ಸಲ ಕಲ್ಲು ತಗೋಬೇಕು" ಎಂದ.

"ಮುನಿಗಂಗಮ್ಮ ಹಿಡಿ ಬದಲಾಯಿಸಿದ್ಳಾ?" ಎಂದು ಕೇಳಿದ ವೆಂಕಟರಾಮಪ್ಪ ಮೀಸೆಯೊಳಗೆ ನಕ್ಕಂತೆ ಕಂಡಿತು. ಆಮೇಲೆ ಎದ್ದು ಚಪ್ಪಲಿ ಮೆಟ್ಟಿದರು. "ಈ ಸಲ ಚೀಲದ ಬಾಯಿ ನಾನು ಕಟ್ತೀನಿ. ಮಿಷನ್ನಿಗೆ ಹಾಕೋವಾಗ್ಲೂ ಬರ್ತೀನಿ. ನೋಡೇಬಿಡೋಣ ನಡಿ."

ಅವತ್ತು ಒಡೆದ ಕಲ್ಲು ಮನೆಯೊಳಗೇ ಬರಲಿಲ್ಲ. ಮುನಿಗಂಗಮ್ಮನನ್ನು ಹಿತ್ತಲ ಕಡೆ ಕೂರಿಸಿ, ಗುಂಡಿನ ಹತ್ತಿರವೇ ಚೂರು ಮಾಡಿ, ಒಂದೊಂದು ಚೂರನ್ನೂ ಪ್ರಿಯಾಂಕ ತಿರುಗಿಸಿ ನೋಡಿ ತುಂಬಿದಳು. ವೆಂಕಟರಾಮಪ್ಪ ಬಾಯಿ ಕಟ್ಟಿದರು. ಬಸ್ಸಿನಲ್ಲಿ ಚಲಪತಿ ಎರಡು ತೊಡೆಯ ಮೇಲೆ ಎರಡು ಚೀಲ ಇಟ್ಟುಕೊಂಡು ಕೂತ. ಕಂಡಕ್ಟರ್ ಲಗೇಜಿಗೆ ಹಾಕಿ ಎಂದಾಗ, "ಇವ್ರು ನಮ್ಮ ಮನೆ ಹಿರಿಯರು ಕಣಪ್ಪ, ಕೆಳಗೆ ಕೂರಿಸೋಂಗಿಲ್ಲ" ಎಂದ. ಕಾಲು ಜೋಮು ಹಿಡಿದರೂ ಯಲಹಂಕ ದಾಟುವವರೆಗೂ ಅಲುಗಾಡಲಿಲ್ಲ.

ಯಂತ್ರದ ಸರದಿ ಸಿಕ್ಕಿದ್ದು ಕಾರ್ತಿಕ ಹುಟ್ಟಿದ ಮೇಲೆ. ಜ್ಯೋತಿಲಕ್ಷ್ಮಿ ಮೇಡಂ ಒಳ್ಳೆಯ ಹೆಂಗಸು, ಇಬ್ಬರು ಪಂಚೆಯವರು ಬಾಗಿಲಲ್ಲಿ ನಿಂತಿದ್ದನ್ನು ನೋಡಿ ನಕ್ಕು ಒಳಗೆ ಬಿಟ್ಟರು. ಒಳಗೆ ಮಂಜಿನಂಥ ಚಳಿ. ರೂಪಾಯಿ ಬಿಲ್ಲೆಯಷ್ಟು ಅಗಲದ ಅಂಟಿನ ಬಿಲ್ಲೆಯೊಂದರಲ್ಲಿ ಹರಳುಗಳನ್ನು ಸಾಲಾಗಿ ಕೂರಿಸಿ, ಅರ್ಧಕ್ಕೆ ಉಜ್ಜಿ ಒಳಮೈ ಕಾಣುವಂತೆ ಮಾಡಿದ್ದರು. ಬರಿಗಣ್ಣಿಗೆ ಧೂಳು. ಪರದೆಯ ಮೇಲೆ ಮಾತ್ರ ಒಂದೊಂದೂ ನೆಲಗಡಲೆ ಬೀಜದಷ್ಟು ದೊಡ್ಡದಾಗಿ, ಒಳಗೆ ಪದರ ಪದರವಾಗಿ ಕಂಡಿತು.

"ಲೇಸರ್ ಹೊಡೆದಾಗ ಹರಳಲ್ಲಿ ಒಂದು ಚಿಕ್ಕ ಗುಳಿ ಬೀಳುತ್ತೆ ತಾತ" ಎಂದು ಪ್ರಿಯಾಂಕ ವೆಂಕಟರಾಮಪ್ಪನವರಿಗೆ ಹೇಳಿದಳು. "ಅಲ್ಲಿಂದ ಎದ್ದ ಪುಡಿಯನ್ನ ಈ ಮಿಷನ್ನು ಎಳ್ಕೊಂಡು, ಯುರೇನಿಯಂ ಎಷ್ಟು, ಸೀಸ ಎಷ್ಟು ಅಂತ ಎಣಿಸುತ್ತೆ. ಅದರಿಂದ ವಯಸ್ಸು. ಇವತ್ತು ಕಾಣೋದು ಕಚ್ಚಾ ಲೆಕ್ಕ, ಆಮೇಲೆ ಇನ್ನೂ ತಿದ್ದಬೇಕು. ಆದ್ರೆ ಹಿರಿಯ ಕಿರಿಯ ಅನ್ನೋದು ತಿಳಿಯುತ್ತೆ. ಮೊದಲು ಚಿಕ್ಕಗುಂಡು."

ಹಸಿರು ಚುಕ್ಕಿ ಹರಳಿನ ಮೇಲೆ ನಿಂತಿತು. ಟಿಕ್ ಟಿಕ್ ಎಂದಿತು. ಗೆರೆಯೊಂದು ಮೇಲೆದ್ದು ಇಳಿಯಿತು. ಪಕ್ಕದ ಪರದೆಯಲ್ಲಿ ಅಂಕಿ ಬಂತು, ಪ್ರಿಯಾಂಕ ಅದನ್ನು ಕೋಟಿಗೆ ತಿರುಗಿಸಿ ಓದಿದಳು. "ಮುನ್ನೂರ ಹತ್ತೊಂಬತ್ತು." ಮುಂದಿನದು ಮುನ್ನೂರ ಇಪ್ಪತ್ತು. ಅದರ ಮುಂದಿನದು ಮುನ್ನೂರ ಇಪ್ಪತ್ತೊಂದು. ಒಂದೂ ಇನ್ನೂರ ಐವತ್ತರ ಕಡೆ ತಿರುಗಿ ನೋಡಲಿಲ್ಲ. ಚಲಪತಿಗೆ ಪಂಚಾಯ್ತಿ ಎಲೆಕ್ಷನ್ನಿನ ಓಟು ಎಣಿಕೆಗೆ ಕೂತ ಹಾಗಿತ್ತು. ಬೆವರಬಾರದ ಚಳಿಯಲ್ಲಿ ಬೆವರುತ್ತಿದ್ದ.

"ಇನ್ನು ದೊಡ್ಡಗುಂಡು."

ವೆಂಕಟರಾಮಪ್ಪ ಕುರ್ಚಿಯ ಅಂಚಿಗೆ ಬಂದರು. ಚುಕ್ಕಿ ನಿಂತಿತು, ಟಿಕ್ ಟಿಕ್ ಎಂದಿತು. "ಇನ್ನೂರ ಐವತ್ತೊಂದು" ಎಂದಳು ಪ್ರಿಯಾಂಕ. ಆಮೇಲೆ ಇನ್ನೂರ ಐವತ್ತು. ಆಮೇಲೆ ಮತ್ತೆ ಇನ್ನೂರ ಐವತ್ತೊಂದು.

ಚಲಪತಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆ ದೊಡ್ಡಗುಂಡು ನಮ್ಮ ಗುಂಡಿಗಿಂತ ಎಪ್ಪತ್ತು ಕೋಟಿ ವರ್ಷ ಚಿಕ್ಕ ತಮ್ಮ. ಎಪ್ಪತ್ತು ಕೋಟಿ. ಅಪ್ಪ, ತಾತ, ಆ ಕತ್ತಲಲ್ಲಿ ಪಂಜು ಚಾಚಿ ನಿಂತವರೆಲ್ಲ ಎದೆಯೊಳಗೆ ಎದ್ದು ಕುಣಿದಂತಾಯಿತು. ಕೂಗಬೇಕು ಎನಿಸಿತು. ಕೂಗಿದರೆ ಮಿಷನ್ನು ಕೆಟ್ಟೀತೆಂದು ಟವೆಲ್ಲಿನ ತುದಿಯನ್ನು ಬಾಯಿಗೆ ತುರುಕಿಕೊಂಡ. ವೆಂಕಟರಾಮಪ್ಪ ಅವನ ಕಡೆ ನೋಡಲಿಲ್ಲ. ಪರದೆಯನ್ನೇ ನೋಡುತ್ತ, "ಮಾತು ಮಾತೇ" ಎಂದರು ಸಣ್ಣಗೆ.

ಆಗ ಪ್ರಿಯಾಂಕ, "ಒಂದ್ನಿಮಿಷ" ಎಂದಳು.

ಪರದೆಯ ಮೇಲೆ ಈಗ ಬಂದ ಹರಳು ಬೇರೆ ಥರ ಇತ್ತು. ನಡುವೆ ಮಸುಕಾದ, ಅಂಚು ಸವೆದ ಒಂದು ತಿರುಳು, ಅದರ ಸುತ್ತ ಬೆಳ್ಳನೆಯ ಪದರ, ಹಲಸಿನ ಬೀಜದ ಸುತ್ತ ತೊಳೆ ಇದ್ದ ಹಾಗೆ. ಚುಕ್ಕಿಯನ್ನು ಅವಳು ಮೊದಲು ಹೊರಗಿನ ಪದರದ ಮೇಲಿಟ್ಟಳು. ಇನ್ನೂರ ಐವತ್ತೊಂದು. ಆಮೇಲೆ ಒಳಗಿನ ತಿರುಳಿನ ಮೇಲಿಟ್ಟಳು. ಟಿಕ್ ಟಿಕ್ ಎಂದಿತು.

"ಮುನ್ನೂರ ಇಪ್ಪತ್ತು" ಎಂದಳು.

ಚಲಪತಿಯ ಬಾಯಿಂದ ಟವೆಲ್ ಉದುರಿತು. "ಅಯ್ಯೋ ಅವ್ವ. ಇದಕ್ಕೂ ಬಂದು ಕೈ ಹಾಕಿದ್ಳಾ?"

"ಇಲ್ಲ ಅಪ್ಪ, ಇದು ಅಜ್ಜಿ ಕೈಲಿ ಆಗೋ ಕೆಲಸ ಅಲ್ಲ. ಒಂದೇ ಹರಳೊಳಗೆ ಇದೆ ನೋಡು. ಸುತ್ತ ಪದರ ಬೆಳೆದಿದೆ ನೋಡು." ಪ್ರಿಯಾಂಕ ಕುರ್ಚಿ ಬಿಟ್ಟು ಎದ್ದುಬಿಟ್ಟಿದ್ದಳು. ಮೇಡಂ ಕೂಡ ಎದ್ದು ಬಂದು ಅವಳ ಭುಜದ ಮೇಲಿಂದ ಬಗ್ಗಿ ನೋಡಿ, "ಸಿಕ್ತಲ್ಲೇ" ಎಂದರು. ಇಬ್ಬರೂ ಲ್ಯಾಬು ಎನ್ನುವುದನ್ನೂ ಮರೆತು ಕೈ ಕೈ ಹಿಡಿದುಕೊಂಡರು.

"ಏನು ಸಿಕ್ತು ತಾಯಿ?" ಎಂದರು ವೆಂಕಟರಾಮಪ್ಪ. "ನಮಗೂ ಹೇಳಿ."

ಪ್ರಿಯಾಂಕ ಅವರ ಮುಂದೆ ಮಂಡಿಯೂರಿ ಕೂತಳು. "ತಾತ, ಚಿಕ್ಕಗುಂಡಿದೆಯಲ್ಲ, ಅಂಥ ಹಳೇ ಕಲ್ಲು ಒಂದು ಕಾಲಕ್ಕೆ ನಮ್ಮ ಊರಿನ ಅಡೀಲೆಲ್ಲ ಇತ್ತು. ಎಷ್ಟೋ ಕೋಟಿ ವರ್ಷ ಆದಮೇಲೆ ಅದು ಆಳದಲ್ಲಿ ಕಾದು, ಒಂದಷ್ಟು ಕರಗಿ ಪಾಕ ಆಯ್ತು. ಆ ಪಾಕ ಮೇಲಕ್ಕೆ ಬಂದು ಗಟ್ಟಿಯಾಗಿದ್ದೇ ದೊಡ್ಡಗುಂಡು. ಎಲ್ಲ ಕರಗಿದ್ರೂ ಹಳೇ ಹರಳು ಒಂದೆರಡು ಕರಗದೆ ಉಳ್ಕೊಂಡ್ವು. ಅವುಗಳ ಮೇಲೇ ಹೊಸ ಪದರ ಬೆಳೀತು. ಅದೇ ಇದು."

"ಅಂದ್ರೆ?"

"ಅಂದ್ರೆ ಅವು ಅಣ್ಣತಮ್ಮ ಅಲ್ಲವೇ ಅಲ್ಲ ತಾತ. ದೊಡ್ಡಗುಂಡು ಹುಟ್ಟಿದ್ದೇ ಚಿಕ್ಕಗುಂಡಿನ ಕಲ್ಲಿಂದ. ತಾಯಿ, ಮಗ."

ಎತ್ತರದ ಮಗ, ಅವನ ಕಾಲಡಿಯಲ್ಲಿ ಮುದುಡಿ ಕೂತ ಗೆರೆಸೀರೆಯ ಮುದುಕಿ. ಹುಟ್ಟಿದಾಗಿನಿಂದ ನೋಡಿದ್ದ ಗುಂಡುಗಳು ಚಲಪತಿಗೆ ಅವತ್ತೇ ಕಂಡದ್ದು.

ಊರಿಗೆ ಬಂದು ಹೇಳಿದಾಗ ಮುನಿಗಂಗಮ್ಮ ಎಲ್ಲ ಕೇಳಿಸಿಕೊಂಡಳು. ಅವಳಿಗೆ ಕೋಟಿಯೂ ಬೇಡ, ಸೀಸವೂ ಬೇಡ. "ನಾನು ಒಂದು ಹಿಡಿ ಹಾಕಿದ್ದಕ್ಕೆ ನನ್ನ ಹಿತ್ತಲಲ್ಲಿ ಕೂರಿಸಿದ್ರಿ" ಎಂದಳು. "ನಾನು ಹಾಕೋಕ್ಮುಂಚೇನೇ ಯಾರೋ ಹಾಕಿದ್ರಲ್ಲ."

ಕಡೇ ಸೋಮವಾರ ಬಂತು. ಚಲಪತಿ ಹೊಸ ಪಂಚೆ ಉಟ್ಟು, ಜೇಬಿನಲ್ಲಿ ಹೊಸ ಬೆಂಕಿಪೊಟ್ಟಣ ಇಟ್ಟುಕೊಂಡಿದ್ದ. ಅದಕ್ಕಿಂತ ಹೆಚ್ಚಾಗಿ ಒಂದು ಮಾತು ಇಟ್ಟುಕೊಂಡಿದ್ದ. ನಮ್ಮ ದೀಪ ನಿಲ್ಲಲಿ, ಆಮೇಲೆ ನಿಮ್ಮದು. ಡೇರಿಯಲ್ಲಿ ಖಾಲಿ ಕ್ಯಾನುಗಳ ಮುಂದೆ ನಿಂತು ಅದನ್ನು ಎಷ್ಟೋ ಥರ ಹೇಳಿ ನೋಡಿದ್ದ. ತಿರುಗಿ ನೋಡದೆ ಹೇಳುವುದೇ ಚೆನ್ನಾಗಿ ಕೂರುತ್ತದೆ ಎಂದು ತೀರ್ಮಾನಿಸಿದ್ದ.

ಊರೆಲ್ಲ ಸೇರಿತ್ತು. ಬೆಳಕು ಗುಡ್ಡಗಳ ಹಿಂದೆ ಇಳಿಯುತ್ತಿತ್ತು. ಚಿಕ್ಕಗುಂಡಿನ ಮೇಲೆ ಚಲಪತಿ ಕಡ್ಡಿ ಗೀರಿದ. ಮೊದಲನೆಯದನ್ನು ಗಾಳಿ ತಿಂದಿತು. ಎರಡನೆಯದು ಹತ್ತಿತು. ಚಿಕ್ಕಮನೆಯವನ ಕೈಯಲ್ಲಿ ಹತ್ತಿದ ಮೊದಲ ಬೆಂಕಿ ಅದು. ಬತ್ತಿ ಹಿಡಿದುಕೊಂಡಾಗ ಅವನಿಗೆ ಕಣ್ಣು ಮಂಜಾಯಿತು.

ತಿರುಗಿ ನೋಡಬಾರದು ಎಂದುಕೊಂಡಿದ್ದವನು ತಿರುಗಿ ನೋಡಿಬಿಟ್ಟ. ಬುಡದಲ್ಲಿ, ಅವನಪ್ಪ ನಿಲ್ಲುತ್ತಿದ್ದ ಅದೇ ಜಾಗದಲ್ಲಿ, ವೆಂಕಟರಾಮಪ್ಪ ಹೊತ್ತಿಸದ ಪಂಜು ಹಿಡಿದು ನಿಂತಿದ್ದರು. ಆಡಿದ ಮಾತಿಗೆ ತಪ್ಪದೆ, ಯಾರೂ ಹೇಳದೆ ಬಂದು ನಿಂತಿದ್ದರು. ಅವರ ಹಿಂದೆ ದೊಡ್ಡಗುಂಡು ದೀಪವಿಲ್ಲದೆ ಕಪ್ಪಗೆ ನಿಂತಿತ್ತು. ದೀಪದ ದಿನ ಎಂದೂ ಕತ್ತಲಲ್ಲಿ ಕಾಯದ ಗುಂಡು ಅದು.

ಮಾತು ನಾಲಿಗೆಯ ತುದಿಗೆ ಬಂತು. ಚಲಪತಿಗೆ ಆ ಹರಳು ನೆನಪಾಯಿತು. ಅಷ್ಟು ಬೆಂಕಿಯಲ್ಲಿ ಎಲ್ಲ ಕರಗಿಹೋಗಿ, ತಾನೊಂದು ಕರಗದೆ ಮಗನ ಹೊಟ್ಟೆಯೊಳಗೆ ಉಳಿದದ್ದು. ತಾಯಿಯಾದವಳು ಮಗನನ್ನು ಕತ್ತಲಲ್ಲಿ ನಿಲ್ಲಿಸಿ, ತನ್ನ ದೀಪ ನಿಲ್ಲಲಿ ಎನ್ನುತ್ತಾಳೆಯೇ? ಅವನು ಪಕ್ಕದಲ್ಲಿದ್ದ ಪಂಜನ್ನು ಆ ದೀಪಕ್ಕೆ ಹಿಡಿದು ಹೊತ್ತಿಸಿಕೊಂಡು, ಸರಸರನೆ ಕೆಳಗಿಳಿದು ಬಂದು ವೆಂಕಟರಾಮಪ್ಪನವರ ಪಂಜಿಗೆ ಬೆಂಕಿ ಮುಟ್ಟಿಸಿದ.

"ಯಾಕೋ, ನಿಮ್ಮ ದೀಪ ಇನ್ನೂ ನಿಂತಿಲ್ಲವಲ್ಲೋ" ಎಂದರು ಅವರು.

"ನಿಲ್ಲುತ್ತೆ ಬಿಡಿ ದೊಡ್ಡಪ್ಪ. ಮಗು ಕತ್ತಲಲ್ಲೈತೆ. ಬನ್ನಿ, ಕೈ ಕೊಡಿ, ಹತ್ತೋಣ."

ವೆಂಕಟರಾಮಪ್ಪ ಹತ್ತುವ ಮೊದಲು ಬಗ್ಗಿ ಚಿಕ್ಕಗುಂಡನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಆಮೇಲೆ ಚಲಪತಿಯ ಕೈ ಹಿಡಿದರು. ಇಬ್ಬರೂ ಒಬ್ಬರನ್ನೊಬ್ಬರು ಎಳೆದುಕೊಂಡು ದೊಡ್ಡಗುಂಡು ಹತ್ತುವುದನ್ನು ಊರೆಲ್ಲ ನೋಡಿತು.

ಕೆಳಗೆ ಮುನಿಗಂಗಮ್ಮ ಮೊಮ್ಮಗಳ ತೋಳು ಹಿಡಿದುಕೊಂಡು ಕತ್ತೆತ್ತಿ ನಿಂತಿದ್ದಳು. "ನೋಡೇ" ಎಂದಳು ಪ್ರಿಯಾಂಕಳಿಗೆ, "ನಿಮ್ಮಪ್ಪಂಗೆ ಇವತ್ತು ಬುದ್ಧಿ ಮುಂದಾಯ್ತು." ಅಷ್ಟರಲ್ಲಿ ಮೇಲೆ ಎರಡನೇ ದೀಪ ಹತ್ತಿತು.